ತೆಲುಗು ಬಾರದವರ ಜೊತೆ ‘ಅನ್ನಮಯ್ಯ’ ಸಿನಿಮಾ ನೋಡೋದು ಹೇಗೆ

ಭಜನಾ ಮಂಡಳಿಯವರಿಗೋ, ಸಂಗೀತದ ಕ್ಲಾಸಿನ ಮಕ್ಕಳಿಗೋ, ಹಬ್ಬಕ್ಕೆ ಸೇರಿದ ಮನೆಮಂದಿಗೋ ‘ಅನ್ನಮಯ್ಯ’ ತೋರಿಸಬೇಕು ಅಂದುಕೊಂಡಿದ್ದೀರಾ? ಹಾಗಿದ್ದರೆ ಟಿವಿ ಹಾಕುವ ಮೊದಲು ಇದನ್ನೊಮ್ಮೆ ಓದಿಬಿಡಿ.

ನಾನು ಮುಳಬಾಗಿಲು ಕಡೆಯವಳು. ನಮ್ಮಲ್ಲಿ ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತೆಲುಗು. ಮದುವೆಯಾಗಿ ಬಂದದ್ದು ಹಾಸನಕ್ಕೆ. ಇಲ್ಲಿ ಮನೆಯಲ್ಲೇ ಸಂಗೀತ ಹೇಳಿಕೊಡುತ್ತೇನೆ. ಶನಿವಾರ ಮಧ್ಯಾಹ್ನ ಮಂಡಳಿಯ ಹೆಂಗಸರು ಬರುತ್ತಾರೆ. ಅವರಲ್ಲಿ ಬಹಳ ಜನಕ್ಕೆ ತೆಲುಗು ಅಂದರೆ ತಿರುಪತಿಯ ಕ್ಯೂನಲ್ಲಿ ಕಿವಿಗೆ ಬಿದ್ದಷ್ಟೇ. ಅವರನ್ನು ಕೂರಿಸಿಕೊಂಡು ಈ ಸಿನಿಮಾ ನೋಡಿ ನೋಡಿ ನನಗೊಂದು ಕ್ರಮ ಸಿಕ್ಕಿದೆ. ಹಾಡು ಮೊದಲು, ಸಿನಿಮಾ ಆಮೇಲೆ. ಅಷ್ಟೇ. ಉಳಿದದ್ದೆಲ್ಲ ಇದರ ವಿವರ.

ಗೊತ್ತಿಲ್ಲದವರಿಗೆ ಎರಡು ಮಾತು. ಅನ್ನಮಯ್ಯ ಅಂದರೆ ತಿರುಪತಿಯ ವೆಂಕಟೇಶ್ವರನ ಮೇಲೆ ತೆಲುಗಿನಲ್ಲಿ ಸಾವಿರಾರು ಹಾಡು ಕಟ್ಟಿದ ಹದಿನೈದನೇ ಶತಮಾನದ ಭಕ್ತಕವಿ. ಸಿನಿಮಾ ಬಂದದ್ದು 1997ರಲ್ಲಿ. ನಿರ್ದೇಶಕರು ಕೆ. ರಾಘವೇಂದ್ರ ರಾವ್. ಬರೆದವರು ಜೆ.ಕೆ. ಭಾರವಿ. ಅನ್ನಮಯ್ಯನಾಗಿ ನಾಗಾರ್ಜುನ, ವೆಂಕಟೇಶ್ವರನಾಗಿ ಸುಮನ್. ಸಂಗೀತ ಎಂ.ಎಂ. ಕೀರವಾಣಿ, ಇದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮವರಿಗೆ ಇದೇ ನಿರ್ದೇಶಕ, ಇದೇ ಬರಹಗಾರರು ಬೇರೆ ದಾರಿಯಿಂದಲೂ ಪರಿಚಯ. 2001ರ ಕನ್ನಡದ ‘ಶ್ರೀ ಮಂಜುನಾಥ’ ಇವರಿಬ್ಬರದೇ. ಅದನ್ನು ನೋಡಿದವರಿಗೆ ಈ ಸಿನಿಮಾದ ಧಾಟಿ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಿಂದಿನ ವಾರವೇ ಹಾಡಿನ ಹಾಳೆ ಮಾಡಿ

ಸಿನಿಮಾದ ತುಂಬ ಹಾಡು. ಎಲ್ಲವನ್ನೂ ವಿವರಿಸೋಕೆ ಹೋದರೆ ನೀವೂ ಸುಸ್ತು, ಕೇಳುವವರೂ ಸುಸ್ತು. ನಾಲ್ಕು ಸಾಕು: ‘ವಿನ್ನಪಾಲು ವಿನವಲೆ’, ‘ಅದಿವೋ ಅಲ್ಲದಿವೋ’, ‘ಕೊಂಡಲಲೋ ನೆಲಕೊನ್ನ’, ‘ಅಂತರ್ಯಾಮಿ’. ನಾಲ್ಕೂ ಅನ್ನಮಯ್ಯನವೇ. ನಾಲ್ಕನ್ನೂ ಕನ್ನಡ ಲಿಪಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು, ಪಕ್ಕದಲ್ಲಿ ಸಾಲಿಗೊಂದು ಅರ್ಥ ಬರೆದು ಜೆರಾಕ್ಸ್ ಮಾಡಿಸಿ. ಮೊಬೈಲ್‌ನಲ್ಲಿ ಕಳಿಸಿದರೆ ಯಾರೂ ಓದಲ್ಲ. ಕೈಯಲ್ಲಿ ಹಾಳೆ ಇದ್ದರೆ ಓದುತ್ತಾರೆ.

‘ವಿನ್ನಪಾಲು’ವಿನಿಂದಲೇ ಶುರು ಮಾಡಿ. ಇದು ದೇವರನ್ನು ಎಬ್ಬಿಸುವ ಹಾಡು. ಬೆಳಗಾಯ್ತು, ನಿನ್ನ ಹತ್ತಿರ ಅರಿಕೆ ಮಾಡಿಕೊಳ್ಳೋಕೆ ಜನ ಬಂದಿದ್ದಾರೆ, ದೇವತೆಗಳೂ ಮುನಿಗಳೂ ಅಲ್ಲಲ್ಲಿ ನಿಂತು ಕಾಯುತ್ತಿದ್ದಾರೆ, ಏಳಪ್ಪಾ ಅಂತ. ಇಷ್ಟೇ ಆಗಿದ್ದರೆ ಎಲ್ಲ ಸುಪ್ರಭಾತದ ಹಾಗೇ ಇರುತ್ತಿತ್ತು. ಆದರೆ ಪಲ್ಲವಿಯ ಎರಡನೇ ಸಾಲು ನೋಡಿ: ‘ಪನ್ನಗಪು ದೋಮತೆರ ಪೈಕೆತ್ತವೇಲಯ್ಯಾ’. ಆದಿಶೇಷನ ಹೆಡೆ ಇದೆಯಲ್ಲ, ಅದನ್ನು ಅನ್ನಮಯ್ಯ ಸೊಳ್ಳೆಪರದೆ ಅನ್ನುತ್ತಾನೆ. ಹಾವಿನ ಸೊಳ್ಳೆಪರದೆ ಮೇಲೆತ್ತಯ್ಯಾ, ಆಚೆ ಬಾ ಅಂತ! ಇದನ್ನು ಹೇಳಿದ ದಿನ ನಮ್ಮ ಮಂಡಳಿಯಲ್ಲಿ ಒಬ್ಬರು, “ಅಯ್ಯೋ, ವೈಕುಂಠದಲ್ಲೂ ಸೊಳ್ಳೆನಾ?” ಅಂದರು. ನಕ್ಕು ನಕ್ಕು ಆ ದಿನ ಅಭ್ಯಾಸ ಅಲ್ಲಿಗೇ ನಿಂತಿತು. ಆದರೆ ಆಮೇಲೆ ಆ ಸಾಲನ್ನು ಯಾರೂ ಮರೆತಿಲ್ಲ. ಸಿನಿಮಾದಲ್ಲಿ ಆ ಹಾಡು ಬಂದಾಗ ಎಲ್ಲರೂ ಒಟ್ಟಿಗೇ “ಸೊಳ್ಳೆಪರದೆ!” ಅಂದರು. ಅರ್ಥ ಮೊದಲೇ ತಿಳಿದಿದ್ದರೆ ಆಗುವ ಲಾಭ ಇದು.

‘ಅದಿವೋ’ಗೆ ಜಾಸ್ತಿ ವಿವರಣೆ ಬೇಡ. ದೂರದಿಂದ ಬೆಟ್ಟ ಕಂಡವನ ಉದ್ಗಾರ ಅದು. ಅಗೋ, ಅಲ್ಲಿ ನೋಡಿ, ಹರಿ ಇರುವ ಜಾಗ, ಹತ್ತು ಸಾವಿರ ಹೆಡೆಗಳಿಂದ ತುಂಬಿದ ಬೆಟ್ಟ. ಏಳು ಬೆಟ್ಟದ ಸಾಲನ್ನು ಬಸ್ಸಿನ ಕಿಟಕಿಯಿಂದ ಮೊದಲ ಸಲ ನೋಡಿದಾಗ ನಮ್ಮ ಬಾಯಿಂದ ಬರುವುದೂ ಹೆಚ್ಚುಕಡಿಮೆ ಅದೇ, ಅಲ್ವಾ? ‘ಕೊಂಡಲಲೋ’ ಹಾಡಿನಲ್ಲಿ ಮಾತ್ರ ಒಂದು ಹೆಸರು ಹೇಳಿಕೊಡಿ: ಕುರುವರತಿ ನಂಬಿ. ಅವನು ಕುಂಬಾರ. ಚಕ್ರವರ್ತಿ ತೊಂಡಮಾನನಿಗೆ ಮೊದಲು ಹಾಡಿನಲ್ಲಿ ಬರುವವನು ಈ ಕುಂಬಾರ. ಕೇಳಿದ ವರ ಎಲ್ಲ ಅವನಿಗೆ ಕೊಟ್ಟ ದೇವರು ಅಂತ ಅನ್ನಮಯ್ಯ ಹಾಡುತ್ತಾನೆ.

‘ಅಂತರ್ಯಾಮಿ’ಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲಸಿತಿ, ಸೊಲಸಿತಿ. ದಣಿದೆ, ಸೋತೆ, ಇನ್ನು ನಿನ್ನ ಮರೆ ಹೊಕ್ಕೆ ಅನ್ನುತ್ತಾನೆ. ಚರಣದಲ್ಲಿ, ಬಯಸಿದ ಬಯಕೆಗಳೆಲ್ಲ ಕೊಯ್ಯಲಾಗದ ಕಟ್ಟುಗಳು, ನೀನು ಹರಿಯದೆ ಅವು ಹರಿಯುವುದಿಲ್ಲ ಅನ್ನುತ್ತಾನೆ. ಕನ್ನಡದವರಿಗೆ ಇದು ಅರ್ಧ ತಾನಾಗೇ ತಿಳಿಯುತ್ತದೆ. ನಮ್ಮ ಅತ್ತೆ ಹಾಳೆ ನೋಡದೆಯೇ ಅರ್ಥ ಹೇಳಿದರು.

ಹಾಡಿಸುವವರಿಗೆ ಒಂದು ಉಚ್ಚಾರಣೆಯ ಸೂಚನೆ. ತೆಲುಗಿನಲ್ಲಿ ಅ, ಉ, ಒ ಸ್ವರಗಳ ಜೊತೆ ಬರುವ ಚ, ಜ ನಮ್ಮ ಹಾಗೆ ಗಟ್ಟಿ ಅಲ್ಲ. ನಾಲಿಗೆ ಹಲ್ಲಿನ ಹಿಂದೆ ತಾಗಿ ಮೆತ್ತಗೆ ಬರುತ್ತದೆ. ‘ಶರಣಿದೆ ಜೊಚ್ಚಿತಿನಿ’ಯಲ್ಲಿ ಮೊದಲ ಜೊ ಹಾಗೆ. ಮರಾಠಿ ಕೇಳಿದ ಕಿವಿ ಇದ್ದರೆ ತಕ್ಷಣ ಬರುತ್ತದೆ. ಬಾರದಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ದೊಡ್ಡ ವಿದ್ವಾಂಸರೇ ಗಟ್ಟಿಯಾಗಿ ಹಾಡಿಬಿಟ್ಟಿದ್ದಾರೆ.

ಎರಡು ಕಥೆ ಮೊದಲೇ ಹೇಳಿಬಿಡಿ

ಸಿನಿಮಾ ಶುರುವಾಗುವುದು ವೈಕುಂಠದಿಂದ. ವಿಷ್ಣುವಿನ ನಂದಕ ಖಡ್ಗವೇ ಅನ್ನಮಯ್ಯನಾಗಿ ಹುಟ್ಟುತ್ತದೆ. ಹುಟ್ಟಿದ ಕೂಡಲೇ ‘ತೆಲುಗು ಪದಾನಿಕಿ ಜನ್ಮದಿನಂ’ ಹಾಡು. ಇದು ಅನ್ನಮಯ್ಯನದಲ್ಲ, ವೇಟೂರಿ ಸುಂದರರಾಮಮೂರ್ತಿ ಅವರದು. ಆಮೇಲೆ ದೊಡ್ಡ ಹುಡುಗ ಬರುತ್ತಾನೆ. ಅತ್ತೆ ಮಗಳಂದಿರ ಹಿಂದೆ ಸುತ್ತುತ್ತಾ ಡ್ಯುಯೆಟ್ ಹಾಡುತ್ತಾನೆ. ದೇವರೇ ವೇಷ ಮರೆಸಿಕೊಂಡು ಬಂದು ದಾರಿ ತೋರಿಸಬೇಕಾಗುತ್ತದೆ.

ಹಳೆಯ ಕಥೆ ಹಾಗಿಲ್ಲ. ಅನ್ನಮಯ್ಯನ ಮೊಮ್ಮಗ ತಾಳ್ಳಪಾಕ ಚಿನ್ನಣ್ಣ ತಾತನ ಚರಿತ್ರೆಯನ್ನು ದ್ವಿಪದಿಯಲ್ಲಿ ಬರೆದಿಟ್ಟಿದ್ದಾನೆ. ಅದರಲ್ಲಿ ಬರುವವನು ಎಳೆಯ ಹುಡುಗ. ಊರು ತಾಳ್ಳಪಾಕ, ಕಡಪ ಸೀಮೆಯ ರಾಜಂಪೇಟೆಯ ಹತ್ತಿರ. ಹುಟ್ಟಿದ್ದು 1408. ದೊಡ್ಡ ಕೂಡು ಕುಟುಂಬ. ಹುಡುಗ ಏನೂ ಕೆಲಸ ಮಾಡಲ್ಲ, ಬರೀ ಹಾಡಿಕೊಂಡು ಕೂರುತ್ತಾನೆ ಅಂತ ಬೈದು ಹುಲ್ಲು ಕೊಯ್ಯೋಕೆ ಕಳಿಸುತ್ತಾರೆ. ಕುಡುಗೋಲು ಬೆರಳಿಗೆ ತಾಗಿ ರಕ್ತ. ಅದೇ ಹೊತ್ತಿಗೆ ದಾರಿಯಲ್ಲಿ ಗೋವಿಂದನ ಹೆಸರು ಹೇಳುತ್ತಾ ತಿರುಪತಿಗೆ ಹೊರಟವರ ಗುಂಪು. ಹುಡುಗ ಮನೆಯ ಕಡೆ ತಿರುಗಿ ನೋಡದೆ ಅವರ ಹಿಂದೆ ಹೊರಟೇಬಿಡುತ್ತಾನೆ.

ಎರಡನೆಯದು ಬೆಟ್ಟದ ಕಥೆ. ಮೊಣಕಾಲು ಬೆಟ್ಟ ಅನ್ನುವ ಕಡಿದಾದ ಏರು ಈಗಲೂ ಕಾಲುದಾರಿಯಲ್ಲಿ ಇದೆ. ಹತ್ತಿದವರಿಗೆ ಗೊತ್ತು ಅದು ಏನು ಅಂತ. ಅಲ್ಲಿ ಹುಡುಗನಿಗೆ ಹಸಿವು, ಸುಸ್ತು. ಕಾಲಲ್ಲಿ ಚಪ್ಪಲಿ. ಒಂದು ಬಿದಿರ ಮೆಳೆಯ ಕೆಳಗೆ ಮಲಗಿಬಿಡುತ್ತಾನೆ. ಅಲಮೇಲುಮಂಗೆ ಮುತ್ತೈದೆಯ ರೂಪದಲ್ಲಿ ಬಂದು, ಈ ಬೆಟ್ಟವೇ ಸಾಲಿಗ್ರಾಮ, ಚಪ್ಪಲಿ ಬಿಟ್ಟು ಹತ್ತು ಅಂತ ಹೇಳಿ ಪ್ರಸಾದ ತಿನ್ನಿಸುತ್ತಾಳೆ. ಮಕ್ಕಳಿಗೆ ಈ ಕಥೆ ಬಲು ಇಷ್ಟ. ಸಿನಿಮಾಕ್ಕೆ ಮೊದಲೇ ಹೇಳಿಬಿಟ್ಟರೆ, ತೆರೆಯ ಮೇಲೆ ಅನ್ನಮಯ್ಯ ಬೆಟ್ಟ ಹತ್ತುವಾಗ ಅವರು ನೋಡುವ ರೀತಿಯೇ ಬೇರೆ.

ಇದನ್ನೆಲ್ಲ ಹೇಳುವುದು ಸಿನಿಮಾ ಸುಳ್ಳು ಅಂತ ತೋರಿಸೋಕಲ್ಲ. ಭಕ್ತರ ಕಥೆಯನ್ನು ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ಹೇಳಿಕೊಂಡೇ ಬಂದಿದ್ದಾರೆ. ಆದರೆ ಎರಡು ಕಥೆಯೂ ಗೊತ್ತಿದ್ದವರು “ಇದೇನು, ಹೀಗಾ?” ಅಂತ ಮಧ್ಯೆ ಮಧ್ಯೆ ನಿಲ್ಲಿಸಿ ಕೇಳಲ್ಲ.

ನೋಡುವ ದಿನ

ಸುಮಾರು ಎರಡೂವರೆ ಗಂಟೆಯ ಸಿನಿಮಾ. ಊಟ ಆದ ಮೇಲೆ ಹಾಕಿದರೆ ಅರ್ಧ ಜನ ಗೊರಕೆ. ಬೆಳಿಗ್ಗೆ ತಿಂಡಿ ಮುಗಿಸಿ ಹತ್ತಕ್ಕೆ ಶುರು ಮಾಡಿ, ನಡುವೆ ಕಾಫಿಗೆ ಬಿಡುವು ಕೊಡಿ. ನೀವು ನೋಡುವ ಕಾಪಿಯಲ್ಲಿ ಸಬ್‌ಟೈಟಲ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನನ್ನ ಹತ್ತಿರ ಇದ್ದದ್ದರಲ್ಲಿ ಮಾತಿಗೆಲ್ಲ ಇಂಗ್ಲಿಷ್ ಬರುತ್ತಿತ್ತು, ಹಾಡು ಶುರುವಾದ ಕೂಡಲೇ ಮಾಯ. ಈ ಸಿನಿಮಾದಲ್ಲಿ ಮಾತಿಗಿಂತ ಹಾಡಿಗೇ ಅರ್ಥ ಬೇಕಾದದ್ದು! ಹಾಳೆ ಮಾಡಿ ಅಂದದ್ದು ಅದಕ್ಕೇ.

ಮೊದಲ ಭಾಗದಲ್ಲಿ ಡ್ಯುಯೆಟ್ ಬಂದಾಗ ಹಿರಿಯರ ಮುಖ ನೋಡಬೇಕು. ರಮ್ಯಾ ಕೃಷ್ಣ, ಕಸ್ತೂರಿ ಇಬ್ಬರೂ ಅನ್ನಮಯ್ಯನ ಹೆಂಡತಿಯರಾಗುವವರು, ತಿಮ್ಮಕ್ಕ ಮತ್ತು ಅಕ್ಕಲಮ್ಮ. ರಾಘವೇಂದ್ರ ರಾವ್ ಅವರ ಹಾಡು ಅಂದರೆ ಹೂವು, ಹಣ್ಣು, ಬಣ್ಣ ಇರಲೇಬೇಕು. ಇಲ್ಲೂ ಇದೆ. “ಇದೇನಮ್ಮಾ, ದೇವರ ಸಿನಿಮಾ ಅಂದೆ?” ಅಂತ ನಮ್ಮ ಪಕ್ಕದ ಮನೆ ಅಜ್ಜಿ ಕೇಳಿಯೇಬಿಟ್ಟರು. ಹಾರಿಸಿಬಿಡಿ ಅಂತ ನಾನು ಹೇಳಲ್ಲ. ಅನ್ನಮಯ್ಯನ ಹಾಡುಗಳಲ್ಲಿ ಶೃಂಗಾರದ್ದೇ ದೊಡ್ಡ ಪಾಲು. ಅಲಮೇಲುಮಂಗೆ, ವೆಂಕಟೇಶನ ಪ್ರೀತಿ, ಮುನಿಸು, ಮಾರನೇ ದಿನದ ಸಂಕೋಚ ಎಲ್ಲ ಅಲ್ಲಿದೆ. ಸಿನಿಮಾದವರು ಶೃಂಗಾರವನ್ನು ದೇವರಿಂದ ತೆಗೆದು ನಾಯಕನಿಗೆ ತೊಡಿಸಿದ್ದಾರೆ. ಇಷ್ಟು ಹೇಳಿದರೆ ಅಜ್ಜಿಯಂದಿರು ಒಪ್ಪುತ್ತಾರೆ. ಒಪ್ಪದಿದ್ದರೆ ಕಾಫಿ ಬಿಡುವನ್ನು ಅಲ್ಲಿಗೇ ಎಳೆಯಿರಿ.

ತಿಮ್ಮಕ್ಕನನ್ನು ಮಾತ್ರ ಬರೀ ಹೀರೋಯಿನ್ ಅಂತ ಬಿಟ್ಟುಬಿಡಬೇಡಿ. ಅವಳು ‘ಸುಭದ್ರಾ ಕಲ್ಯಾಣ’ ಬರೆದವಳು. ತೆಲುಗಿನ ಮೊದಲ ಕವಯಿತ್ರಿ ಅಂತ ಅವಳನ್ನು ಹೇಳುತ್ತಾರೆ. ಸಿನಿಮಾದಲ್ಲಿ ಅವಳ ಕೈಗೆ ಯಾರೂ ಲೇಖನಿ ಕೊಟ್ಟಿಲ್ಲ ಅಂತ ನನಗೆ ಈಗಲೂ ಸಿಟ್ಟು.

ಎರಡನೇ ಭಾಗದಲ್ಲಿ ರಾಜನ ಪ್ರಸಂಗ. ಸಾಳುವ ನರಸಿಂಹರಾಯನಾಗಿ ಮೋಹನ್ ಬಾಬು ಗರ್ಜಿಸುತ್ತಾರೆ, ರಾಣಿ ರೋಜಾ. ದೇವರ ಮೇಲೆ ಹಾಡಿದ ಹಾಗೆ ನಮ್ಮ ಮೇಲೂ ಒಂದು ಹಾಡು ಅನ್ನುತ್ತಾನೆ ರಾಜ. ಅನ್ನಮಯ್ಯ ಒಲ್ಲೆ ಅನ್ನುತ್ತಾನೆ. ಸರಪಳಿ, ಸೆರೆ. ಇದು ಸಿನಿಮಾದವರು ಕಟ್ಟಿದ್ದಲ್ಲ, ಹಳೆಯ ಚರಿತ್ರೆಯಲ್ಲೇ ಇದೆ. ‘ಏಮೊಕೊ ಚಿಗುರುಟಧರಮುನ’ ಅನ್ನುವ ಹಾಡು ಕೇಳಿ ರಾಜನಿಗೆ ಆಸೆ ಹುಟ್ಟಿತಂತೆ. ಅದಕ್ಕೆ ಉತ್ತರವಾಗಿ ಬಂದದ್ದು ‘ನರಹರಿ ಕೀರ್ತನ ನಾನಿನ ಜಿಹ್ವ’. ನರಹರಿಯ ಕೀರ್ತನೆಯಲ್ಲಿ ನೆನೆದ ನಾಲಿಗೆ ಇನ್ನೊಬ್ಬರನ್ನು ಹೊಗಳಲಾರದು ಅಂತ. ಸೆರೆಯಲ್ಲಿ ಹಾಡಿದ್ದು ‘ಆಕಟಿ ವೇಳಲ’. ಹಸಿದಾಗ, ದಣಿದಾಗ ಹರಿನಾಮ ಒಂದೇ ದಿಕ್ಕು.

ಈ ಜಾಗದಲ್ಲಿ ನಾನು ಒಂದು ನಿಮಿಷ ಪಾಸ್ ಒತ್ತುತ್ತೇನೆ. ಈ ಸಾಳುವ ನರಸಿಂಹ ನಮಗೆ ಹೊರಗಿನವನಲ್ಲ. 1485ರಲ್ಲಿ ವಿಜಯನಗರದ ಸಿಂಹಾಸನ ಏರಿದವನು ಅವನೇ. ವ್ಯಾಸರಾಯರು ಅವನ ಕಾಲದಲ್ಲಿ ಚಂದ್ರಗಿರಿಗೆ ಹೋಗಿ, ತಿರುಮಲೆಯಲ್ಲಿ 12 ವರ್ಷ ಪೂಜೆ ಮಾಡಿದರು ಅನ್ನುವುದು ಮಾಧ್ವರ ಸಂಪ್ರದಾಯ. ಅವರ ಗುರು ಶ್ರೀಪಾದರಾಜರು ನಮ್ಮ ಮುಳಬಾಗಿಲಿನವರು. ವ್ಯಾಸರಾಯರ ಶಿಷ್ಯ ಪುರಂದರದಾಸರು. ಅಂದರೆ ಒಂದೇ ಬೆಟ್ಟದ ಸುತ್ತ, ಒಂದೇ ಕಾಲದಲ್ಲಿ, ಒಂದು ಕಡೆ ತೆಲುಗು ಹಾಡು, ಇನ್ನೊಂದು ಕಡೆ ಕನ್ನಡದ ಪದ. ಪುರಂದರದಾಸರು ಅನ್ನಮಯ್ಯನನ್ನು ಕಂಡರು, ಒಬ್ಬರನ್ನೊಬ್ಬರು ದೇವರೇ ಅಂತ ಹೊಗಳಿಕೊಂಡರು ಅಂತ ಚಿನ್ನಣ್ಣ ಬರೆಯುತ್ತಾನೆ. ಅನ್ನಮಯ್ಯ ತೀರಿಕೊಂಡದ್ದು 1503ರಲ್ಲಿ. ದಾಸರು ಹುಟ್ಟಿದ್ದು 1484 ಅನ್ನುವ ಲೆಕ್ಕ ಹಿಡಿದರೆ ಆಗ ಅವರಿಗೆ ಇಪ್ಪತ್ತೂ ಆಗಿರಲಿಲ್ಲ. ನಮ್ಮ ಮಂಡಳಿಯಲ್ಲಿ ಒಬ್ಬರು ರಿಟೈರ್ಡ್ ಗಣಿತದ ಟೀಚರ್ ಇದ್ದಾರೆ. ಅವರು ಪ್ರತಿ ಸಲ ಈ ಲೆಕ್ಕ ತೆಗೆಯುತ್ತಾರೆ. ಉಳಿದವರು ಪ್ರತಿ ಸಲ ಅವರನ್ನು ಸುಮ್ಮನಾಗಿಸುತ್ತಾರೆ.

ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ ಪಾಸ್ ಮುಟ್ಟಲೇಬೇಡಿ. ಫೋನ್ ಸೈಲೆಂಟ್, ಕುಕ್ಕರ್ ಆಫ್. ಮುದುಕ ಅನ್ನಮಯ್ಯನಾಗಿ ನಾಗಾರ್ಜುನ ಇಲ್ಲಿ ಗೆದ್ದುಬಿಡುತ್ತಾರೆ. ಆವರೆಗೆ ಪ್ರೇಮಕಥೆಗಳ ಹೀರೋ ಆಗಿದ್ದವರು. ಸುಮನ್ ಹೊಡೆದಾಟದ ಸಿನಿಮಾಗಳಿಂದ ಬಂದವರು. ಆದರೂ ಆ ನಿಲುವು, ಆ ಸಣ್ಣ ನಗೆ ನೋಡಿ ನಮ್ಮತ್ತೆ ಕುರ್ಚಿಯಿಂದ ಎದ್ದು ಕೈ ಮುಗಿದರು. ಒಂದು ಗುಟ್ಟು ಹೇಳುತ್ತೇನೆ, ಕೇಳುವಾಗ ಗಮನಿಸಿ. ಅನ್ನಮಯ್ಯನಿಗೆ ಹಾಡುತ್ತಿರುವುದು ಎಸ್.ಪಿ. ಬಾಲಸುಬ್ರಹ್ಮಣ್ಯಂ. ವೆಂಕಟೇಶ್ವರನ ಮಾತಿಗೆ ದನಿ ಕೊಟ್ಟವರೂ ಅವರೇ. ‘ಅಂತರ್ಯಾಮಿ’ಯ ಹೊತ್ತಿಗೆ ಕರೆಯುವವನ ಹಾಡು, ಓಗೊಡುವವನ ಮಾತು ಎರಡೂ ಒಂದೇ ಗಂಟಲಿನಿಂದ ಬರುತ್ತಿರುತ್ತದೆ. ಬೇಕೆಂದೇ ಹಾಗೆ ಮಾಡಿದರೋ, ಡಬ್ಬಿಂಗ್‌ಗೆ ಒಳ್ಳೆಯ ದನಿ ಬೇಕಿತ್ತೋ, ನನಗೆ ಅದು ಮುಖ್ಯ ಅಲ್ಲ. ‘ಎದೆ ತುಂಬಿ ಹಾಡುವೆನು’ ನೋಡುತ್ತಾ ಬೆಳೆದ ನಮ್ಮ ಮಕ್ಕಳು ಆ ದನಿಯನ್ನು ಕಣ್ಣು ಮುಚ್ಚಿ ಗುರುತಿಸುತ್ತಾರೆ.

ಖಂಡಿತ ಬರುವ ಒಂದು ಪ್ರಶ್ನೆ

“ಮೇಡಂ, ಈ ರಾಗ ಅನ್ನಮಯ್ಯನೇ ಹಾಕಿದ್ದಾ?” ಸಂಗೀತ ಕಲಿಯುವವರಿದ್ದರೆ ಇದು ಬಂದೇ ಬರುತ್ತದೆ. ಉತ್ತರ ಸಿದ್ಧವಾಗಿರಲಿ.

ಅನ್ನಮಯ್ಯ 32,000 ಹಾಡು ಕಟ್ಟಿದ ಅನ್ನುತ್ತದೆ ಸಂಪ್ರದಾಯ. ಅವನ್ನು ಮಗನ ಕಾಲದಲ್ಲಿ ತಾಮ್ರದ ಹಲಗೆಗಳ ಮೇಲೆ ಕೊರೆಸಿದರು. ತಿರುಮಲೆಯ ಗುಡಿಯೊಳಗೆ, ಹುಂಡಿಯ ಹತ್ತಿರ, ಒಂದು ಸಣ್ಣ ಕೋಣೆಯಲ್ಲಿ ಅವು ಕೂತಿದ್ದವು. ಸಂಕೀರ್ತನ ಭಂಡಾರ ಅಂತಲೇ ಅದರ ಹೆಸರು. ಶತಮಾನಗಳ ಕಾಲ ಹಾಡುವವರೇ ಇರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅವು ಬೆಳಕಿಗೆ ಬಂದವು. ಸಿಕ್ಕಿದ ಹಾಡುಗಳೇ 12,000ಕ್ಕೂ ಹೆಚ್ಚು. ಹಾಡಿನ ತಲೆಯ ಮೇಲೆ ರಾಗದ ಹೆಸರಿದೆ. ಆದರೆ ಸ್ವರ ಬರೆದಿಲ್ಲ. ಹಾಗಾಗಿ ಇವತ್ತು ನಾವು ಹಾಡುವ ಧಾಟಿಗಳೆಲ್ಲ ಕಳೆದ ನೂರು ವರ್ಷದೊಳಗಿನವು.

ಇಲ್ಲೂ ಮೈಸೂರಿನ ನಂಟಿದೆ. ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಪಾಠ ಹೇಳಿದವರು. ಕನ್ನಡದಲ್ಲಿ ‘ಗಾನಕಲೆ’ ಬರೆದವರು. ಮೈಸೂರು ಬಿಟ್ಟ ಮೇಲೆ ತಿರುಪತಿಗೆ ಹೋಗಿ, ತಾಮ್ರದ ಹಲಗೆಯ ಹಾಡುಗಳನ್ನು ಸಂಪಾದಿಸಿ, ಎಷ್ಟೋ ಹಾಡುಗಳಿಗೆ ಸ್ವರ ಹಾಕಿದರು. ಆಮೇಲೆ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದರು, ಗರಿಮೆಳ್ಳ ಬಾಲಕೃಷ್ಣ ಪ್ರಸಾದ್ ನೂರಾರು ಹಾಡುಗಳಿಗೆ ರಾಗ ಕಟ್ಟಿದರು. ಕೀರವಾಣಿ ಆ ಸಾಲಿನಲ್ಲಿ ಸಿನಿಮಾದ ಕಡೆಯಿಂದ ಬಂದವರು. ಹಾಗಾಗಿ ಸಿನಿಮಾದ ಧಾಟಿಯನ್ನು ಮಕ್ಕಳು ಕಲಿತು ಬಂದರೆ ನಾನು ಬೈಯಲ್ಲ. ಕಚೇರಿಯ ಧಾಟಿಯೂ ಒಂದು ಕಾಲದಲ್ಲಿ ಹೊಸದೇ.

ನೋಡಿದ ಮೇಲೆ ಕಲಿಯೋದು

ಸಿನಿಮಾ ಮುಗಿದ ದಿನವೇ ಎಲ್ಲರೂ “ಅಂತರ್ಯಾಮಿ ಕಲಿಸಿ” ಅಂತಾರೆ. ಬೇಡ ಅನ್ನಿ. ಅದು ಸುಲಭ ಅನ್ನಿಸುತ್ತದೆ, ಹಾಡೋಕೆ ಕೂತರೆ ಉಸಿರು ಸಾಲಲ್ಲ. ಭಾವ ತುಂಬಿ ಬಂದು ಶ್ರುತಿ ಬಿಡುವವರೇ ಜಾಸ್ತಿ.

‘ಕೊಂಡಲಲೋ’ ಮೊದಲು. ಹಿಂದೋಳ ರಾಗದಲ್ಲಿ ಹಾಡುವುದು ರೂಢಿ. ಐದೇ ಸ್ವರ, ಪಲ್ಲವಿ ಕಿವಿಗೆ ಬೇಗ ಅಂಟುತ್ತದೆ. ಎಂ.ಎಸ್. ಅವರ ಧ್ವನಿಮುದ್ರಣ ಕೇಳಿಸಿ, ಒಂದು ಚರಣ ಸಾಕು, ಕುಂಬಾರನ ಚರಣ. ಆಮೇಲೆ ‘ಅದಿವೋ’. ಅದು ಮಧ್ಯಮಾವತಿ. ಭಜನೆಯ ಕೊನೆಗೆ ಹೇಗೂ ಮಧ್ಯಮಾವತಿ ಹಾಡಬೇಕಲ್ಲ, ಅಲ್ಲಿಗೆ ಸರಿಯಾಗಿ ಕೂರುತ್ತದೆ. ಗುಂಪಿನಲ್ಲಿ ಹಾಡುವಾಗ ‘ಅದಿವೋ’ ಒಬ್ಬರು, ‘ಅಲ್ಲದಿವೋ’ ಉಳಿದವರು ಅಂತ ಹಂಚಿಬಿಡಿ. ತಾಳ ತಪ್ಪುವವರು ಯಾರು ಅಂತ ಆಗ ಗೊತ್ತಾಗುತ್ತದೆ. ‘ವಿನ್ನಪಾಲು’ ಬೆಳಗಿನ ಹಾಡು. ಧನುರ್ಮಾಸಕ್ಕೆ ಇಟ್ಟುಕೊಳ್ಳಿ. ಆ ಚಳಿಯಲ್ಲಿ ಐದು ಗಂಟೆಗೆ ದೇವಸ್ಥಾನದಲ್ಲಿ ಕೂತು ಹಾಡುವಾಗ ಸೊಳ್ಳೆಪರದೆಯ ಸಾಲು ಬಂದರೆ ಯಾರೂ ನಗಬಾರದು ಅಂತ ನಮ್ಮಲ್ಲಿ ಒಪ್ಪಂದ ಆಗಿದೆ. ಇನ್ನೂ ಒಂದು ವರ್ಷವೂ ಅದು ನಡೆದಿಲ್ಲ.

ಪಕ್ಕದಲ್ಲೇ ಒಂದು ದಾಸರ ಪದವನ್ನೂ ಕಲಿಸಿ. ‘ಅದಿವೋ’ ಆದ ಮೇಲೆ ಪುರಂದರದಾಸರದು ಯಾವುದಾದರೂ ವೆಂಕಟೇಶನ ಮೇಲಿನದು. ಮಂಡಳಿಯವರಿಗೆ ಬಾಯಿಪಾಠ ಇರುವುದೇ ಆಗಲಿ. ತೆಲುಗಿಗೆ ಹೆದರಿ ಹಿಂದೆ ಕೂತವರೂ ಆಗ ದನಿ ಎತ್ತುತ್ತಾರೆ. ಮುಂದಿನ ವಾರ ಹಾಳೆ ಕೇಳಿಕೊಂಡು ಮೊದಲು ಬರುವವರು ಅವರೇ.